ನನ್ನ ಹೆಸರಿನ ಕೊಬ್ಬರಿ ಪಟ್ಟಿ

ತಿಪಟೂರು ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ಮೇಷ್ಟ್ರು. ಒಂಬತ್ತನೇ ತರಗತಿಗೆ ತೆರಿಗೆಯ ಪಾಠ ಮಾಡುವಾಗ, ಯಾರ ಮನೆಯಲ್ಲಿ ತೆರಿಗೆ ಕಟ್ಟುತ್ತಾರೆ ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ನಮ್ಮದು ತೋಟ, ತೋಟಕ್ಕೆ ತೆರಿಗೆಯಿಲ್ಲ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸೋಪಿನಿಂದ ಮೊಬೈಲ್ ಕರೆನ್ಸಿಯವರೆಗೆ ತೆರಿಗೆಯಿಲ್ಲದೆ ಏನು ಬರುತ್ತದೆ ಹೇಳಿ ನೋಡೋಣ ಎಂದು ಗದರಿಸಿದೆ. ಅದೇ ಉಮೇದಿನಲ್ಲಿ, ಬೇರೆ ಸಂಪಾದನೆಯನ್ನು ತೋಟದ ಆದಾಯವೆಂದು ತೋರಿಸುವವರು ಕಳ್ಳರು ಎಂದೂ ಅಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ ನೋಡಿ. ನಾಳೆ ಎಲ್ಲರೂ ಮನೆಯಿಂದ ಒಂದೊಂದು ಬಿಲ್ಲು ತನ್ನಿ ಎಂದೆ.

ಮಾರನೆಯ ದಿನ ಮುಂದಿನ ಬೆಂಚಿನ ಹುಡುಗಿ ಕೊಬ್ಬರಿ ಮಾರಿದ್ದಕ್ಕೆ ಮಂಡಿಯವರು ಬರೆದುಕೊಟ್ಟ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು. ಬಿಳಿಗೆರೆಯಲ್ಲಿ ಅವರ ತೋಟ ನಮ್ಮ ತೋಟಕ್ಕೆ ಹೊಂದಿಕೊಂಡೇ ಇದೆ.

"ಕೊಬ್ಬರಿ ನಮ್ಮದು ಸಾರ್, ನಮ್ಮ ಅಟ್ಟದಲ್ಲಿ ಒಣಗಿದ್ದು. ಪಟ್ಟೀಲಿ ನಿಮ್ಮ ಹೆಸರೈತೆ, ಯಾಕ್ ಸಾರ್?"

ಪಟ್ಟಿಯನ್ನು ತಟ್ಟನೆ ಮಗುಚಿಟ್ಟೆ. ಪೇಟೆಯಲ್ಲಿ ನನ್ನದೊಂದು ಮಳಿಗೆಯಿದೆ. ಅದರ ಬಾಡಿಗೆಯನ್ನು ವರ್ಷವೂ ತೆಂಗಿನ ಲೆಕ್ಕಕ್ಕೆ ಬರೆಸುತ್ತಿದ್ದೆ. ಹೋದ ವರ್ಷ ಮರಗಳಿಗೆ ಹುಳು ಬಿದ್ದು ಕಾಯಿ ಕೈಕೊಟ್ಟಿತ್ತು, ತೋರಿಸಲು ಪಟ್ಟಿ ಬೇಕಿತ್ತು. ನಿಮ್ಮ ಕೊಬ್ಬರಿ ಮಾರುವಾಗ ಮಂಡಿಯಲ್ಲಿ ನನ್ನ ಹೆಸರು ಬರೆಸಿ ಎಂದು ಅವಳ ಅಪ್ಪನನ್ನು ಕೇಳಿಕೊಂಡಿದ್ದೆ. ದುಡ್ಡು ಅವರಿಗೆ, ಹೆಸರು ಮಾತ್ರ ನನ್ನದು. ಒಂದು ಪ್ರತಿ ಅವರ ಮನೆಯಲ್ಲೇ ಉಳಿದಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಹೇಳುತ್ತೇನೆ, ಕೂತುಕೋ ಎಂದು ಅವಳನ್ನು ಗದರಿದೆ.

ಸಂಜೆ ಎಲ್ಲೂ ಕೂರಲಾಗಲಿಲ್ಲ. ಬೈಕು ಹತ್ತಿ ತೋಟಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಏನಾಗಿದೆ ನಿಮಗೆ ಎಂದ ಹೆಂಡತಿಯ ಮೇಲೂ ರೇಗಿದೆ. ಆಡಿಟರಿಗೆ ಫೋನ್ ಮಾಡಿ, ಬಾಡಿಗೆಯನ್ನು ಬಾಡಿಗೆಯೆಂದೇ ತೋರಿಸಿ, ತಿದ್ದಿ ಕಳಿಸಿ ಎಂದೆ. ಅವರು ನಕ್ಕರು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ನಲವತ್ತು ಮಕ್ಕಳೆದುರು ಆ ಹುಡುಗಿಗೆ ಏನು ಹೇಳುವುದು? ನಂಬುವಂಥ ಸುಳ್ಳೊಂದು ಹೊಳೆಯಿತು ಕೂಡ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಬೆಳಿಗ್ಗೆ ಹಾಜರಿಯನ್ನೂ ಕರೆಯದೆ ಹೇಳಿಬಿಟ್ಟೆ. ಮೊನ್ನೆ ಕಳ್ಳರು ಅಂದೆನಲ್ಲ, ಅವರಲ್ಲಿ ನಾನೂ ಒಬ್ಬ, ಆ ಪಟ್ಟಿ ನಾನೇ ಕೇಳಿ ಮಾಡಿಸಿಕೊಂಡದ್ದು ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಹುಡುಗಿ ಮೆಲ್ಲಗೆ ಎದ್ದು ನಿಂತಳು.

"ಇದು ತಪ್ಪಲ್ವಾ ಅಂತ ನಿನ್ನೆ ಅಪ್ಪನ್ನ ಕೇಳ್ದೆ ಸಾರ್. ಮೇಷ್ಟ್ರೇ ಕೇಳಿದ್ಮೇಲೆ ತಪ್ಪು ಹೆಂಗಾಯ್ತದೆ ಬುಡವ್ವಾ ಅಂದ್ರು."