ಹಾಲುಗಂಬ ದಾಟಿದ ಪುಟ್ಟ ಕಾರು

ನನ್ನ ಕಾರನ್ನು ನೋಡಿದವರು ಮೊದಲು ಕೇಳುವುದು, ‘ಇನ್ನೂ ಓಡುತ್ತಾ?’ ಎಂದು. ವಯಸ್ಸಾದ ಮನುಷ್ಯರನ್ನು ಹಾಗೆ ಕೇಳಿದರೆ ಮನೆಮಂದಿಯೆಲ್ಲ ಸಿಟ್ಟಾಗುತ್ತಾರೆ. ಕಾರಿನ ಪರವಾಗಿ ಸಿಟ್ಟಾಗಲು ಇರುವವನು ನಾನೊಬ್ಬನೇ. ತೊಂಬತ್ತರ ದಶಕದಲ್ಲಿ ಅದನ್ನು ಕೊಂಡು, ಚಾಮುಂಡಿ ಬೆಟ್ಟದಲ್ಲಿ ಪೂಜೆ ಮಾಡಿಸಿ ತಂದಾಗ ಬೀದಿಗೆ ಬೀದಿಯೇ ಬಂದು ಮುಟ್ಟಿ ನೋಡಿತ್ತು.

ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಹೆಂಡತಿಯ ಅಣ್ಣ ದೊಡ್ಡ ಎಸ್‌ಯುವಿ ತಂದರು. ಅದಕ್ಕೆ ಹತ್ತಲು ಮೆಟ್ಟಿಲು ಬೇರೆ. ಒಳಗೆ ಕೂತರೆ ದಾರಿಹೋಕರ ನಡುನೆತ್ತಿ ಕಾಣುತ್ತದೆ. ನನ್ನ ಕಾರಿನಿಂದ ಅವರ ಮೊಣಕಾಲು. ಮನುಷ್ಯರನ್ನು ಅರಿಯಲು ಯಾವುದು ಮೇಲೆಂದು ನಾನಿನ್ನೂ ತೀರ್ಮಾನಿಸಿಲ್ಲ. ಹೆಂಡತಿ ನಿರ್ಮಲಾ ಮಾತ್ರ ತೀರ್ಮಾನಿಸಿಬಿಟ್ಟಳು: ಅಣ್ಣನ ಮಗಳ ಮದುವೆ ಮುಗಿದ ಕೂಡಲೇ ನಮ್ಮ ಕಾರು ಮಾರಾಟ. ಅಂದಿನಿಂದ ನನಗೆ ಊಟ ಸೇರದಾಯಿತು.

ಭಾವನ ಮನೆ ಹಿನಕಲ್‌ನಲ್ಲಿ, ಛತ್ರ ಊರಿನ ಇನ್ನೊಂದು ಕಡೆ, ಅಶೋಕಪುರಂನಲ್ಲಿ. ಮದುವೆಗೆ ಮೊದಲೇ, ಬೀಗರ ಕಣ್ಣಿಗೆ ಬೀಳದಿರಲೆಂದು ನನ್ನ ಕಾರನ್ನು ಕಾಂಪೌಂಡಿನ ಒಳಗೆ, ಎಸ್‌ಯುವಿಯ ಮರೆಯಲ್ಲಿ ನಿಲ್ಲಿಸಿದರು. ಆಮೇಲೆ ಗೇಟಿನ ಬಳಿ ಚಪ್ಪರ ಎದ್ದಿತು. ಚಪ್ಪರಕ್ಕೆ ಶಾಸ್ತ್ರವಾಗಿ ನೆಡುವ ಹಾಲುಗಂಬ ಎಲ್ಲಿರಬೇಕೆಂದು ಭಾವನೇ ಬೆರಳು ತೋರಿಸಿದರು. ನೆಟ್ಟು, ಹಾಲುತುಪ್ಪ ಬಿಟ್ಟು ಪೂಜೆ ಮಾಡಿದೆವು.

ಮದುವೆಯ ಬೆಳಿಗ್ಗೆ ನೆಂಟರೆಲ್ಲ ವ್ಯಾನಿನಲ್ಲಿ ಛತ್ರಕ್ಕೆ ಹೊರಟುಹೋದರು. ಮದುಮಗಳನ್ನು ಕೂರಿಸಿಕೊಂಡು, ಮೈತುಂಬ ಹೂ ಹೊತ್ತ ಎಸ್‌ಯುವಿ ಗೇಟಿನವರೆಗೆ ಬಂದು ನಿಂತಿತು. ಹಾಲುಗಂಬಕ್ಕೂ ಗೋಡೆಗೂ ನಡುವೆ ಅದು ಹಿಡಿಸಲಿಲ್ಲ. ಸುತ್ತಮುತ್ತ ಒಂದು ಆಟೊ ಇಲ್ಲ, ಮುಹೂರ್ತ ಹತ್ತಿರವಾಗುತ್ತಿತ್ತು.

‘ಕಂಬ ಕಿತ್ತಾಕ್ಬುಡೋಣ ಕಣಮ್ಮ’ ಎಂದರು ಭಾವ, ಬೆವರೊರೆಸಿಕೊಳ್ಳುತ್ತ.

‘ಪೂಜೆ ಆಗಿರೋ ಕಂಬ ಕಣೋ. ಮದುವೆ ಮುಗಿಯೋ ಗಂಟ ಯಾರೂ ಮುಟ್ಟಂಗಿಲ್ಲ’ ಎಂದರು ಅವರ ತಾಯಿ, ನನ್ನ ಅತ್ತೆ.

ಮದುಮಗಳೇ ಕೆಳಗಿಳಿದಳು. ‘ಮಾವ, ನಿಮ್ ಕಾರ್ ತೆಗೀರಿ.’

ಎಸ್‌ಯುವಿ ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಅಷ್ಟು ದೊಡ್ಡ ಗಾಡಿ ಹಿಂದೆ ಸರಿಯುವುದನ್ನು ನೋಡಲು ಎಷ್ಟು ಚೆಂದವೆಂದು ನನಗೆ ಅಂದೇ ತಿಳಿದದ್ದು. ಚೋಕ್ ಎಳೆದೆ, ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಹಿಂದೆ ಮದುಮಗಳು, ಅತ್ತೆ, ನಿರ್ಮಲಾ. ಮುಂದೆ, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಭಾವ. ಕನ್ನಡಿ ಮಡಚಿ ಉಸಿರು ಬಿಗಿಹಿಡಿದೆ. ಹಾಲುಗಂಬಕ್ಕೆ ಕಟ್ಟಿದ್ದ ಮಾವಿನ ಸೊಪ್ಪು ಕಾರಿನ ಮೈ ಸವರಿತು, ಅಷ್ಟೆ. ನಾವು ಬೀದಿಯಲ್ಲಿದ್ದೆವು. ಹಿಗ್ಗಿನಿಂದ ಅಶೋಕಪುರಂವರೆಗೂ ಸುಮ್ಮಸುಮ್ಮನೆ ಹಾರ್ನ್ ಒತ್ತಿದೆ, ಯಾರೂ ಬೇಡವೆನ್ನಲಿಲ್ಲ.

ಛತ್ರದ ಬಾಗಿಲಲ್ಲಿ ಓಲಗ ಮೊಳಗಿತು. ಅದು ಮದುಮಗಳಿಗಾಗಿ ಎಂದು ನನಗೂ ಗೊತ್ತು. ಆದರೂ ಅದರಲ್ಲೊಂದು ಪಾಲನ್ನು ಕಾರಿನ ಲೆಕ್ಕಕ್ಕೆ ಹಾಕಿಕೊಂಡೆ.

ಧಾರೆ ಮುಗಿದು ಪಂಕ್ತಿಯಲ್ಲಿ ಕೂತಾಗ ನಿರ್ಮಲಾಳನ್ನು ಕೇಳಿದೆ, ‘ಕಾರು ಯಾವಾಗ ಮಾರೋಣ?’

‘ಸುಮ್ನೆ ಊಟ ಮಾಡ್ರೀ’ ಎಂದಳು. ‘ಸಂಜೆ ನಾವೆಲ್ಲ ಮನೆಗೆ ಹೋಗೋದು ಯಾತರಲ್ಲಿ?’

ದೊಡ್ಡ ಗಾಡಿಯ ಮೇಲೆ ನನಗೇನೂ ಹಗೆಯಿಲ್ಲ. ದೊಡ್ಡವರಾಗುವವರು ತಾವೇ ನೆಟ್ಟ ಕಂಬವನ್ನು ಮರೆಯದಿದ್ದರೆ ಸಾಕು. ಅಂದು ಹೋಳಿಗೆಯ ಮೇಲೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡೆ.