ಲಿನ್ನವ್ವನ ಕಡೆಯ ಹುಣ್ಣಿಮೆ

ನಾವಿರುವ ಫ್ಲೋರಲ್ ಪಾರ್ಕ್ ಬಡಾವಣೆಯಲ್ಲಿ ನಮ್ಮ ಅತ್ತೆ ಚನ್ನಬಸಮ್ಮನಿಗೆ ಇದ್ದ ಗೆಳತಿ ಒಬ್ಬಳೇ, ತೈವಾನಿನ ಲಿನ್. ಅತ್ತೆಯ ಬಾಯಲ್ಲಿ ಲಿನ್ನವ್ವ. ಹಿಲ್‌ಸೈಡ್ ಅವೆನ್ಯೂದಲ್ಲಿ ಗಾಡಿ ಇಟ್ಟುಕೊಂಡು ಗುವಾ ಬಾವ್ ಮಾರುತ್ತಿದ್ದಳು. ಹಬೆಯಲ್ಲಿ ಬೆಂದ ಮೆತ್ತನೆಯ ಬಿಳಿ ಬ್ರೆಡ್ಡು. ಅದನ್ನು ಮಡಿಚಿ ಒಳಗೆ ಹಂದಿಮಾಂಸ, ಹುಳಿ ಸೊಪ್ಪು, ಕೊತ್ತಂಬರಿ, ಮೇಲೆ ಸಕ್ಕರೆ ಬೆರೆಸಿದ ಶೇಂಗಾ ಪುಡಿ.

ಮಾಂಸದ ಗಾಡಿಗೂ ಬೈಲಹೊಂಗಲದ ಲಿಂಗಾಯತ ಹೆಂಗಸಿಗೂ ಏನು ಸಂಬಂಧ ಅನ್ನುತ್ತೀರಾ? ಅಮಾವಾಸ್ಯೆ ಹುಣ್ಣಿಮೆಗೆ ಲಿನ್ ಮಾಂಸ ಮುಟ್ಟುತ್ತಿರಲಿಲ್ಲ. ಅವತ್ತು ಪಾತ್ರೆ ಬೇರೆ, ಒಳಗೆ ಬರೀ ಅಣಬೆ. ಇದು ಗೊತ್ತಾದದ್ದೇ ತಡ, ಅತ್ತೆ ಊರಿಂದ ತರಿಸಿದ ಕ್ಯಾಲೆಂಡರ್ ನೋಡಿಕೊಂಡು ಹೊರಡತೊಡಗಿದರು. ಒಮ್ಮೊಮ್ಮೆ ಹೋದರೆ ಮಾಂಸವೇ ಬೇಯುತ್ತಿರುತ್ತಿತ್ತು. “ಲಿನ್ನವ್ವ ತಿಥಿನ ಮರ್ತಾಳ,” ಎಂದು ಗೊಣಗಿ ವಾಪಸಾಗುತ್ತಿದ್ದರು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಚೀನಿ, ಆದರೂ ಬೆಂಚಿನ ಮೇಲೆ ಗಂಟೆಗಟ್ಟಲೆ ಹರಟೆ! ನನಗಂತೂ ಹೊಟ್ಟೆಕಿಚ್ಚು.

ಅತ್ತೆಯದು ಒಂದೇ ತಕರಾರು. “ಶೇಂಗಾ ಇಷ್ಟು ನುಣ್ಣಗ ಮಾಡ್ತಾರೇನ? ಹಲ್ಲಿಗಿ ಸಿಗಬೇಕು.”

ಮಗಳು ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ಯುತ್ತಾಳೆ, ಬರುವ ಹುಣ್ಣಿಮೆಯೇ ಕಡೆ ಎಂದು ಲಿನ್ ಒಂದು ದಿನ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ಅತ್ತೆ ಎದೆ ತಟ್ಟಿಕೊಂಡರು. “ಅವತ್ತ ಪುಡಿ ನಂದು. ನೀ ಹಾಕಬ್ಯಾಡ ಅಂತ ಹೇಳು, ನಂದಾ.” ಹೇಳಿದೆ. ಲಿನ್ ನಕ್ಕು ತಲೆಯಾಡಿಸಿದಳು.

ಅತ್ತೆ ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಲ್ಲ ಸೇರಿಸಿ ಕಲ್ಲಿನಲ್ಲೇ ಕುಟ್ಟಿದರು. ಮಿಕ್ಸಿ ಇದೆಯಲ್ಲ ಎಂದಿದ್ದಕ್ಕೆ ಬೈಸಿಕೊಂಡೆ. ಹುಣ್ಣಿಮೆಯ ದಿನ ಡಬ್ಬಿ ಹಿಡಿದು ಹೋದೆವು. ಗಾಡಿ ಇರಲಿಲ್ಲ.

“ನಿನ್ನೆ ಸಾಯಂಕಾಲದ ತನಕ ಲಿನ್ ಆಂಟಿ ನಿಮಗೋಸ್ಕರ ಕಾಯ್ತಾನೇ ಇದ್ರು,” ಎಂದ ಪಕ್ಕದ ಅಂಗಡಿಯ ಸುಬ್ಬು. “ಇವತ್ತು ಬೆಳಿಗ್ಗೆ ಫ್ಲೈಟ್ ಇತ್ತಂತೆ. ಫೋನ್ ನಂಬರ್ ನನ್ನತ್ರಾನೂ ಇಲ್ಲ. ಇದನ್ನ ಕೊಡು ಅಂದ್ರು.” ಫ್ರಿಜ್ಜಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ.

ಆಗ ಹೊಳೆಯಿತು. ಲಿನ್ನಳ ಹುಣ್ಣಿಮೆ ಅವರ ಚೀನಿ ಪಂಚಾಂಗದ ತಿಂಗಳ ಹದಿನೈದನೆಯ ದಿನ, ನಮ್ಮದು ಊರಿನ ಕ್ಯಾಲೆಂಡರಿನದು. ಈ ಸಲ ನಮ್ಮದು ಒಂದು ದಿನ ತಡವಾಗಿ ಬಂದಿತ್ತು. ಆಕೆ ಯಾವತ್ತೂ ಮರೆತಿರಲೇ ಇಲ್ಲ. ಥೂ, ನಮ್ಮ ಕರ್ಮವೇ!

ಮನೆಗೆ ಬಂದು ಇಡ್ಲಿ ಪಾತ್ರೆಯಲ್ಲಿ ಬಿಸಿ ಮಾಡಿದೆ. ಅತ್ತೆ ಬ್ರೆಡ್ಡಿನ ಮಡಿಕೆ ಬಿಡಿಸಿ ನೋಡಿದರು. ಅಣಬೆ, ಹುಳಿ ಸೊಪ್ಪು, ಕೊತ್ತಂಬರಿ ಎಲ್ಲ ಇತ್ತು. ಶೇಂಗಾ ಪುಡಿ ಮಾತ್ರ ಇರಲಿಲ್ಲ.

“ನನ್ನ ಪುಡಿಗೇ ಬಿಟ್ಟಾಳ ನೋಡು,” ಎಂದು ಅತ್ತೆ ಡಬ್ಬಿ ತೆರೆದು ಮುಷ್ಟಿ ತುಂಬ ಸುರಿದರು. ಒಂದು ತುತ್ತು ಅಗಿಯುತ್ತಾ ಅಗಿಯುತ್ತಾ ಕಣ್ಣೀರಿಟ್ಟರು.

“ಹಲ್ಲಿಗಿ ಸಿಗತೈತಿ, ನಂದಾ. ಆಕಿಗಿ ಯಾರ ಹೇಳಬೇಕ?”