ಶುಕ್ರವಾರದ ಸ್ಕ್ಯಾನ್

ಸ್ಕ್ಯಾನಿನ ಫಿಲ್ಮ್ ನೋಡುವ ಬೆಳಕಿನ ಪೆಟ್ಟಿಗೆಗೆ ಡಾಕ್ಟರ್ ಮೇಡಂ ಎಷ್ಟು ಹತ್ತಿರ ನಿಲ್ಲುತ್ತಿದ್ದರೆಂದರೆ, ಗಾಜಿನ ಮೇಲೆ ಹಣೆಯ ಕುಂಕುಮ ಅಂಟಿರುತ್ತಿತ್ತು. ಗೊಣಗುತ್ತ ಒರೆಸುವುದು ನನ್ನ ಪಾಲಿಗಿತ್ತು. ಎಂಬತ್ತರ ದಶಕದ ಕೊನೆ, ಸಿ.ಟಿ. ಸ್ಕ್ಯಾನ್ ನಮ್ಮ ಕಡೆಗೆ ಹೊಸದು. ನಾನು ಕಾಪುವಿನಿಂದ ಬಸ್ಸಿನಲ್ಲಿ ಹೋಗಿ ಆಸ್ಪತ್ರೆಯ ಸ್ಕ್ಯಾನ್ ವಿಭಾಗದ ವರದಿಗಳನ್ನು ಟೈಪ್ ಮಾಡುತ್ತಿದ್ದೆ. ಮೇಡಂ ಕಾರ್ಕಳದಿಂದ ಬರುತ್ತಿದ್ದರು.

ಅವರೊಡನೆ ಕೆಲಸ ಮಾಡುವುದು ಸುಖವಾಗಿರಲಿಲ್ಲ. ಒಂದು ಪದಕ್ಕಾಗಿ ಇಡೀ ಹಾಳೆ ಹರಿಯುತ್ತಿದ್ದರು. "'ಇಲ್ಲ' ಅಂತ ಯಾಕೆ ಟೈಪ್ ಹೊಡೆದದ್ದು? 'ಈಗ ಕಾಣುವುದಿಲ್ಲ' ಅಂತ ಅಲ್ವಾ ನಾನು ಹೇಳಿದ್ದು?" ಎರಡೂ ಒಂದೇ ಎಂದು ನನಗೆ ರೇಗುತ್ತಿತ್ತು.

ಒಂದು ಸೋಮವಾರ ಎರ್ಮಾಳಿನಿಂದ ನನ್ನ ಭಾವನನ್ನೇ ಆಸ್ಪತ್ರೆಗೆ ಕರೆತಂದರು. ನೋವು ಹೊಟ್ಟೆಯಿಂದ ಬೆನ್ನಿಗೆ ಇರಿಯುತ್ತಿತ್ತು. ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಬಾತುಕೊಂಡಿತ್ತು. ಸ್ಕ್ಯಾನಿನಲ್ಲಿ ಕಂಡದ್ದು ಆ ಊತ ಮಾತ್ರ.

"ಇದು ತೀರಾ ಬೇಗ ತೆಗೆದದ್ದು," ಎಂದರು ಮೇಡಂ. "ಗ್ರಂಥಿ ಒಳಗೆ ಸಾಯುತ್ತಿದ್ದರೆ ಕಾಣಲಿಕ್ಕೆ ಮೂರು ನಾಲ್ಕು ದಿನ ಬೇಕು. ನೋವು ಇಳಿದರೂ ಶುಕ್ರವಾರ ಇನ್ನೊಮ್ಮೆ ಆಗಬೇಕು. ನಿಮ್ಮ ಅಕ್ಕನಿಗೆ ಸರಿಯಾಗಿ ಹೇಳಿ ಮಾರಾಯ್ರೆ."

ಅಕ್ಕ ಹೆದರುತ್ತಾಳೆಂದು ನಾನು ಅದನ್ನು ಹೇಳಲಿಲ್ಲ. ಬುಧವಾರ ನೋವು ಇಳಿಯಿತು. ಭಾವ ಮನೆಗೆ ಹೊರಟು ನಿಂತರು. ವಾರ್ಡಿನವರು ಬೇಡವೆಂದರು. ಅಕ್ಕ ನನ್ನ ಬಳಿ ಓಡಿಬಂದಳು.

"ವರದಿ ನೀನೇ ಟೈಪ್ ಮಾಡಿದ್ದಲ್ವಾ? ಹೋಗಬಹುದಾ?"

"ಊತ ಮಾತ್ರ ಅಕ್ಕ. ಬೇರೆ ಎಂತದೂ ಇಲ್ಲ," ಎಂದೆ.

ಅಂದೇ ಮನೆಗೆ ಹೋದ ಭಾವ ಹತ್ತು ದಿನದ ಮೇಲೆ ಜ್ವರದಲ್ಲಿ ನಡುಗುತ್ತ ಆಸ್ಪತ್ರೆಗೆ ಹಿಂತಿರುಗಿದರು. ಈ ಸಲದ ಸ್ಕ್ಯಾನಿನಲ್ಲಿ, ರಕ್ತ ಹರಿಯುವ ಜಾಗ ಬೆಳ್ಳಗೆ ಕಾಣಲೆಂದು ನರಕ್ಕೆ ಚುಚ್ಚಿದ ಔಷಧ ಗ್ರಂಥಿಯ ಅರ್ಧ ಭಾಗವನ್ನು ತಲುಪಿಯೇ ಇರಲಿಲ್ಲ. ಸತ್ತುಹೋದ ಆ ಭಾಗದಲ್ಲಿ ಗಾಳಿಯ ಸಣ್ಣ ಗುಳ್ಳೆಗಳು, ಅಂದರೆ ಕೀವು. "ಶುಕ್ರವಾರ ಯಾಕೆ ಬರಲಿಲ್ಲ ಇವರು?" ಎಂದು ಮೇಡಂ ಮೇಜಿಗೆ ಗುದ್ದಿದರು. ನನ್ನ ಮುಖ ನೋಡಿದವರು ಫಿಲ್ಮಿನತ್ತ ತಿರುಗಿದರು. ಆಪರೇಶನ್ ಆಯಿತು. ಭಾವ ಉಳಿಯಲಿಲ್ಲ.

ಉತ್ತರಕ್ರಿಯೆಯ ದಿನ ಮೇಡಂ ಎರ್ಮಾಳಿಗೆ ಬಂದರು. ಅಕ್ಕ ನೇರವಾಗಿ ಕೇಳಿದಳು, "ಮೊದಲನೇ ದಿನವೇ ನಿಮಗೆ ಕಾಣಲಿಲ್ಲವಾ ಡಾಕ್ಟ್ರೇ?"

ನಾನು ಬಾಗಿಲಲ್ಲೇ ನಿಂತಿದ್ದೆ.

"ಇಲ್ಲಮ್ಮ, ಕಾಣಲಿಲ್ಲ," ಎಂದರು. ಅಷ್ಟೇ.

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. "ಮೇಡಂ, ನಾನೇ ಅಕ್ಕನಿಗೆ..."

"ಗೊತ್ತುಂಟು. ನಾಳೆ ಬೇಗ ಬನ್ನಿ. ವರದಿ ತುಂಬಾ ಉಂಟು."

ಮೇಡಂ ತೀರಿಕೊಂಡು ವರ್ಷಗಳಾದವು. ಅಕ್ಕ ಈಗಲೂ ಅವರನ್ನು ಬೈಯುತ್ತಾಳೆ, ಏನೂ ತಿಳಿಯದ ಡಾಕ್ಟರೆಂದು. ನಾನು ಕೇಳಿಸಿಕೊಂಡು ಕುಳಿತಿರುತ್ತೇನೆ.